ಸವಾರ ಚುಕ್ಕಿಯಾಗುವ ತನಕ

"ನಿಮ್ಮ ಈ ಕುದುರಿ ಸಿನಿಮಾ ಮುಗಿಯೂದ್ರಾಗ ನಾನ ಮುಗದಿರ್ತೀನಿ," ಎಂದೆ.

ಬಸವಂತ್ರಾಯರು ನಕ್ಕರು. ಯಾದಗಿರಿಯ ಡಯಾಲಿಸಿಸ್ ಕೋಣೆಯಲ್ಲಿ ನಮ್ಮಿಬ್ಬರದು ಪಕ್ಕಪಕ್ಕದ ಹಾಸಿಗೆ. ಅವರು ಸುರಪುರದ ಹತ್ತಿರದ ದೇವಾಪುರದವರು, ಅಂಚೆ ಕಚೇರಿಯಿಂದ ನಿವೃತ್ತರು, ಮನೆಯಲ್ಲಿ ಒಬ್ಬರೇ. ನಾನು ಶಹಾಪುರದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದವಳು, ಗಂಡನನ್ನು ಕಳೆದುಕೊಂಡು ಬಹಳ ವರ್ಷಗಳಾದವು. ಸಿನಿಮಾ ಅವರ ಮೊಬೈಲಿನಲ್ಲಿ; ಇಬ್ಬರಿಗೂ ಒಂದೇ ಇಯರ್‌ಫೋನ್. ನನ್ನ ತುದಿಯನ್ನು ಧೋತರದ ಅಂಚಿನಿಂದ ಒರೆಸಿಯೇ ಕೊಡುತ್ತಿದ್ದರು.

ಅಮೆರಿಕದ ಮರುಭೂಮಿ, ಬಂದೂಕು, ರೈಲು ಹಳಿ. ಮೂರು ತಾಸಿಗೂ ಮಿಕ್ಕಿದ ಕಥೆಯನ್ನು ಅವರು ಸಲಕ್ಕಿಷ್ಟೆಂದು ತೋರಿಸುತ್ತಿದ್ದರು.

"ಸವಾರ ಗುಡ್ಡದಾಚಿ ಚುಕ್ಕಿ ಆಗೂತನಕ ತೋರಿಸ್ಯಾರ ನೋಡ್ರಿ. ಅಷ್ಟು ಪುರಸೊತ್ತು ಈಗ ಯಾರಿಗದ?"

"ಪುರಸೊತ್ತು ಜಾಸ್ತೀನ ಆಗೇದ. ಸಿನಿಮಾದಾಗಿನ ಆ ಹೆಣ್ಮಗಳಿಗೆ ಮಾತ್ರ ನಾಕು ಮಾತಿಲ್ಲ. ಬಾಗಿಲದಾಗ ನಿಲ್ಸಿ ಬಿಟ್ಟಾರ."

"ಅದು ಖರೆ ಮೇಡಂ. ಗುಂಡು ತಿಂದು ಬೀಳೋ ಅಲ್ಲಿನ ಮೂಲದ ಗುಡ್ಡದ ಮಂದಿಗೂ ಹೆಸರಿಲ್ಲ. ಬ್ರಿಟಿಷರ ಗುಂಡಿಗೆ ಬಿದ್ದ ನಮ್ಮ ಸುರಪುರದೋರಂಗ ಕಾಣ್ತಾರ." ದನಿ ಇಳಿಯಿತು. "ಅದೊಂದು ಮಾಫ್ ಮಾಡಾಕ ಆಗಂಗಿಲ್ರಿ."

ಓರೆಗಣ್ಣಿನಿಂದ ನೋಡಿದೆ. ಅವರು ಪರದೆ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಸಿಕ್ಕಿಬಿದ್ದವರಂತೆ ಕಣ್ಣು ತಿರುಗಿಸಿದರು.

ಆ ದಿನ ಸಿನಿಮಾ ಮುಗಿಯಿತು.

ಅವರು ಹೊರಗೆ ಹೋದಾಗ ನರ್ಸ್ ದಾವಲಬೀ ನನ್ನ ಕೈಗೆ ಹತ್ತಿ ಒತ್ತುತ್ತ ಮೆಲ್ಲಗೆ ಹೇಳಿದಳು: "ಕಾಕಾ ಇನ್ನ ಡಯಾಲಿಸಿಸ್‌ಗೆ ಬರಂಗಿಲ್ಲಂತ್ರಿ. ಸಿನಿಮಾ ಮುಗಿಯೂತನಕ ಅಷ್ಟ ಅಂತ ಡಾಕ್ಟರಿಗೆ ಹೇಳಿದ್ರು. ಸಾಕಾಗೇದಂತ."

ಯಾವಾಗ ಮುಗಿಯುತ್ತದೆ ಎಂದು ಅವಸರ ಮಾಡಿದವಳು ನಾನೇ.

ಯಾವಾಗಿನಂತೆ ಇಬ್ಬರೂ ಸುರಪುರದ ಬಸ್ಸು ಹತ್ತಿದೆವು. ಶಹಾಪುರ ಬಂತು. ಎದ್ದೆ.

"ಬರ್ತೀನ್ರಿ."

ಯಾವಾಗಲೂ 'ಹೋಗಿ ಬರ್ರಿ' ಎನ್ನುವವರು, "ಹೋಗ್ರಿ," ಎಂದರು.

"ಬರ್ರಿ ಅನ್ನೂದು ಬಿಟ್ರಲ್ಲ?"

"ಸುಳ್ಳು ಹೇಳಸಬ್ಯಾಡ್ರಿ ಮೇಡಂ."

"ಅಮ್ಮಾರ, ಇಳಿಯೋದಿದ್ರ ಲಗೂನ ಇಳೀರಿ!" ಕಂಡಕ್ಟರ್ ಕೂಗಿದ.

ಮತ್ತೆ ಕುಳಿತೆ. "ನಂದು ಸುರಪುರಕ್ಕ ಟಿಕೆಟ್ ಮಾಡಪ್ಪ."

ಬಸವಂತ್ರಾಯರು ಗಾಬರಿಯಾದರು. "ಮಂದಿ ಏನಂತಾರ್ರಿ?"

"ನಮ್ಮ ವಯಸ್ಸಿನೋರ ಬಗ್ಗೆ ಆಡಿಕೊಳ್ಳಾಕ ಮಂದಿಗೂ ಬ್ಯಾಸರ." ಕಂಡಕ್ಟರನಿಗೆ ದುಡ್ಡು ಕೊಟ್ಟೆ. "ನಿಮ್ಮನ್ನ ತಡಿಯಾಕ ಬರಾಕತ್ತಿಲ್ಲ. ನೀವಂದ್ರ ನನಗ ಜೀವ. ಇರೋತನಕ ಜೋಡಿ ಇರ್ತೀನಿ."

ಡಯಾಲಿಸಿಸ್‌ಗೆಂದು ನರ ಕೂಡಿಸಿದ್ದ, ಸೂಜಿ ಚುಚ್ಚಿ ಚುಚ್ಚಿ ಗಂಟುಗಂಟಾಗಿ ಉಬ್ಬಿದ ಎಡಗೈಯನ್ನು ಅವರು ಯಾರಿಗೂ ಕಾಣದಂತೆ ಟವೆಲಿನಡಿ ಮುಚ್ಚಿಟ್ಟುಕೊಳ್ಳುತ್ತಿದ್ದರು. ಟವೆಲು ಸರಿಸಿ, ಆ ಕೈಯನ್ನು ನನ್ನ ಮಡಿಲಲ್ಲಿಟ್ಟರು.

ಬೆರಳಿಟ್ಟೆ. ಚರ್ಮದಡಿ ರಕ್ತ ಇನ್ನೂ ಗುಂಯ್ ಎನ್ನುತ್ತಿತ್ತು.