ಮೂರು ಗೀರಿನ ಹಿಡಿಕೆ

ಏಳನೆಯ ಹಿಡಿಕೆಯೂ ಹಿಂದಿನ ಆರರಂತೆಯೇ ಹುಟ್ಟಿತು. ಗಾಜಿನ ತೊಟ್ಟಿಯೊಳಗಿನ ಹಿತ್ತಾಳೆಯ ಪುಡಿ ಮೆಲ್ಲಗೆ ಅಲುಗಿತು. ಬೆಳಕಿನ ಗೆರೆಯೊಂದು ಅದರ ಮೇಲೆ ನಲವತ್ತು ನಿಮಿಷ ಹಿಂದೆ ಮುಂದೆ ಓಡಾಡಿತು. ಕೊನೆಗೆ ಕಾರಿನ ಬಾಗಿಲಿನ ಅಂಗೈಯುದ್ದದ ಹಿಡಿಕೆಯೊಂದು ಪುಡಿಯ ನಡುವಿನಿಂದ ಮೇಲೆದ್ದಿತು. ಡಾ. ಶಾಲ್ಮಲಾ ಸವಣೂರ ಅದನ್ನು ಕುಂಚದಿಂದ ಝಾಡಿಸಿ ದೀಪದ ಕೆಳಗೆ ಹಿಡಿದರು. ಬಾಗಿಲಿನ ತೂತಿಗೆ ಹೋಗುವ ಅದರ ಕತ್ತಿನ ಎಡಭಾಗದಲ್ಲಿ ಮೂರು ಗೀರುಗಳಿದ್ದವು. ನಿಟ್ಟುಸಿರು ಬಿಟ್ಟು ಅದನ್ನು ಉಳಿದ ಆರರ ಪಕ್ಕದಲ್ಲಿ ಮಲಗಿಸಿದರು.

ಆ ಯಂತ್ರದ ಹೆಸರು ಅಭಾವಮುದ್ರಕ. ಇಲ್ಲದ ವಸ್ತುವನ್ನು ಅಚ್ಚು ಹಾಕುವುದು ಅದರ ಕೆಲಸ. ಹುಬ್ಬಳ್ಳಿಯ ಗ್ಯಾರೇಜುಗಳವರು ಇಷ್ಟುದ್ದದ ಹೆಸರಿಗೆ ನಾಲಿಗೆ ಹೊರಳದೆ ಅದನ್ನು ‘ಇಲ್ಲದ್ದರ ಮಷೀನು’ ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ ಅದೇ ಸರಿಯಾದ ಹೆಸರು.

ಯಾವ ಬಿಡಿಭಾಗವೂ ತಾನಿದ್ದ ಜಾಗದಲ್ಲಿ ಗುರುತು ಬಿಡದೆ ಹೋಗುವುದಿಲ್ಲ. ತೂತಿನ ಅಂಚು ಸವೆದಿರುತ್ತದೆ, ಬಿಸಿಲು ತಾಗದ ಕಡೆ ಬಣ್ಣ ಮಾಸದೆ ಉಳಿದಿರುತ್ತದೆ, ಹಳೆಯ ಗ್ರೀಸಿನಲ್ಲಿ ಲೋಹದ ಪುಡಿ ಸಿಕ್ಕಿಕೊಂಡಿರುತ್ತದೆ. ಶಾಲ್ಮಲಾ ಇವೆಲ್ಲವನ್ನೂ ಒಟ್ಟಾಗಿ ಘರ್ಷಣಸ್ಮೃತಿ, ಅಂದರೆ ತಿಕ್ಕಾಟದ ನೆನಪು, ಎಂದು ಕರೆದಿದ್ದರು. ಯಂತ್ರ ಈ ನೆನಪನ್ನು ಕಣಕಣವಾಗಿ ಓದಿ, ಕಳೆದುಹೋದ ಭಾಗ ತನ್ನ ಕೊನೆಯ ದಿನ ಹೇಗಿತ್ತೋ ಹಾಗೆಯೇ ಮಾಡಿಕೊಡುತ್ತಿತ್ತು. ಕೊನೆಯ ದಿನ ಎಂಬ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಕಾರ್ಖಾನೆಯಿಂದ ಹೊರಟ ದಿನ ಆ ಭಾಗ ಹೇಗೆ ಹೊಳೆಯುತ್ತಿತ್ತು ಎಂಬುದು ಯಂತ್ರಕ್ಕೆ ತಿಳಿದಿರಲಿಲ್ಲ.

ಅದಕ್ಕೆ ಬೇಡಿಕೆ ಬಂದದ್ದು ಒಂದು ಕಾನೂನಿನಿಂದ. ಪೆಟ್ರೋಲ್ ಬಂಕುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲವದು. ಹಳೆಯ ಕಾರು ರಸ್ತೆಗೆ ಇಳಿಯಬೇಕಾದರೆ ‘ಪಾರಂಪರಿಕ ವಾಹನ’ ಎಂಬ ಪತ್ರ ಬೇಕು. ಪತ್ರ ಸಿಗಬೇಕಾದರೆ ಹಿಡಿಕೆ, ಕ್ರೋಮ್ ಪಟ್ಟಿ, ಬಾನೆಟ್ಟಿನ ಮೊನೋಗ್ರಾಂ, ಎಲ್ಲವೂ ಇದ್ದಲ್ಲಿ ಇರಬೇಕು. ಇಲ್ಲವಾದರೆ ಕಾರು ಗುಜರಿಗೆ. ತಾತನ ಕಾರಿನ ಮೇಲೆ ಪ್ರಾಣ ಇಟ್ಟುಕೊಂಡವರೆಲ್ಲ ಶಾಲ್ಮಲಾ ಅವರ ಪ್ರಯೋಗಾಲಯದ ಮುಂದೆ ಸಾಲು ನಿಂತರು.

ಆ ಸಾಲಿನಲ್ಲಿ ಮೆಣಸಿನಕಾಯಿ ಮನೆತನದ ಕರಿ ಕಾರೂ ಬಂದಿತ್ತು. ಇಂಗ್ಲೆಂಡಿನಲ್ಲಿ ಎಂದೋ ಮುಚ್ಚಿಹೋದ ಕಂಪನಿಯೊಂದರ ಕಾರು. ಅದರ ಹಿಂದಿನ ಬಾಗಿಲುಗಳು ಈಗಿನವಕ್ಕೆ ತದ್ವಿರುದ್ಧವಾಗಿ ತೆರೆಯುತ್ತಿದ್ದವು. ಓಡುವಾಗ ಚಿಲಕ ಚೂರು ಸಡಿಲಾದರೂ ಗಾಳಿ ಬಾಗಿಲನ್ನು ಹಿಡಿದು ಎಳೆದುಬಿಡುತ್ತಿತ್ತು. ಆ ಚಿಲಕವನ್ನು ಹಿಡಿದಿಡುತ್ತಿದ್ದದ್ದು ಒಳಗಿನ ಹಿಡಿಕೆಯ ಕತ್ತು. ಎಡಗಡೆಯ ಆ ಹಿಡಿಕೆ ನಲವತ್ತೇಳು ವರ್ಷಗಳಿಂದ ಕಾಣೆಯಾಗಿತ್ತು. ಕಾರಿನ ಈಗಿನ ಒಡತಿ ವಿದ್ಯಾವತಿ ಮೆಣಸಿನಕಾಯಿ, ಧಾರವಾಡದಲ್ಲಿ ಗಣಿತ ಕಲಿಸುವ ಮೇಡಂ, ಕಾರು ಬಿಟ್ಟುಹೋಗುವಾಗ ಒಂದೇ ಮಾತು ಹೇಳಿದ್ದರು: ಉಳಿದದ್ದು ಹೇಗಾದರೂ ಇರಲಿ, ಆ ಹಿಡಿಕೆ ಮಾತ್ರ ಇದ್ದಂತೆಯೇ ಬರಬೇಕು.

ಇದ್ದಂತೆಯೇ ಎಂದರೆ ಮೂರು ಗೀರುಗಳ ಸಮೇತವೋ? ಶಾಲ್ಮಲಾ ಅವರಿಗೆ ಅನುಮಾನ. ಯಂತ್ರದ ಲೆಕ್ಕ ತಪ್ಪಿರಬಹುದು. ಯಂತ್ರದಲ್ಲಿ ದೋಷಮಾರ್ಜನೆ ಎಂಬ ಗುಂಡಿಯಿತ್ತು. ಒತ್ತಿದರೆ ಅರ್ಥವಿಲ್ಲದ ಗುರುತುಗಳು ಅಳಿಸಿಹೋಗಿ ನಯವಾದ ಭಾಗ ಬರುತ್ತಿತ್ತು. ಒತ್ತುವ ಮುನ್ನ ಆ ಕಾರನ್ನು ಬಲ್ಲವರನ್ನು ಕೇಳೋಣವೆಂದು ಅವರು ಮೌನೇಶಪ್ಪ ಕಂಬಾರರನ್ನು ಕರೆಸಿದರು. ಅರವತ್ತೊಂಬತ್ತರ ಟಿಂಕರ್. ತಗಡು ಬಡಿದು ಕಾರಿನ ಮೈ ನೆಟ್ಟಗೆ ಮಾಡುವ ಕೈಗಳು ಊರಿನಲ್ಲಿ ಉಳಿದಿದ್ದದ್ದು ಅವರವು ಮಾತ್ರ.

ಮೌನೇಶಪ್ಪ ಬಂದರು, ಕನ್ನಡಕ ಒರೆಸಿಕೊಂಡರು, ಮೊದಲ ಹಿಡಿಕೆಯನ್ನು ಮಗುಚಿದರು. ಅಡಿಯಲ್ಲಿ ಸುತ್ತಿಗೆಯ ಸಣ್ಣ ಸಣ್ಣ ಪೆಟ್ಟುಗಳು ಮೀನಿನ ಹುರುಪೆಯಂತೆ ಒಂದರ ಮೇಲೊಂದು ಕೂತಿದ್ದವು. ಅವರು ಆ ಪೆಟ್ಟುಗಳ ಮೇಲೆ ಬೆರಳಾಡಿಸಿದರು. ಅದು ಇಂಗ್ಲೆಂಡಿನ ಕಂಪನಿಯ ಕೆಲಸವಲ್ಲ. ಮೂವತ್ತೆಂಟು ವರ್ಷಗಳ ಹಿಂದೆ ತೀರಿಕೊಂಡ ಅಣ್ಣ ಕಾಳಪ್ಪನ ಕೈ.

ಅವರಿಗೆ ನೆನಪಿತ್ತು. ಕಂಪನಿಯ ಹಿಡಿಕೆ ಮುರಿದು, ಬದಲಿ ಎಲ್ಲಿಯೂ ಸಿಗದೆ, ಅಣ್ಣ ಹಿತ್ತಾಳೆಯ ಸರಳು ಕಾಸಿ ಬಡಿದು ಹೊಸದೊಂದು ಮಾಡಿದ್ದ. ಅವರ ಗ್ಯಾರೇಜಿನಲ್ಲಿ ಅಪ್ಪನ ಕಾಲದಿಂದ ಒಂದು ಕಟ್ಟಳೆಯಿತ್ತು. ಮಾಡಿದವನೇ ಕೂಡಿಸುವಂತಿಲ್ಲ, ತನ್ನ ತಪ್ಪು ತನಗೆ ಕಾಣುವುದಿಲ್ಲವಾದ್ದರಿಂದ ಇನ್ನೊಂದು ಕೈ ಕೂಡಿಸಬೇಕು. ಕೂಡಿಸುವವನಿಗೆ ಸರಿಬಾರದಿದ್ದರೆ ಮಾಡಿದವನಿಗೆ ವಾಪಸು ಕೊಡಬೇಕೇ ಹೊರತು ತಾನು ಕೆರೆಯಬಾರದು. ಅಂದು ಕೂಡಿಸಿದವನು ಇಪ್ಪತ್ತೆರಡರ ಮೌನೇಶ. ಕ್ರೋಮ್ ಏರಿ ಕತ್ತು ತುಸು ದಪ್ಪವಾಗಿತ್ತು, ತೂತಿಗೆ ಹೋಗಲೊಲ್ಲದು. ಅಣ್ಣ ಊಟಕ್ಕೆ ಹೋಗಿದ್ದ. ಕಾರಿನ ಒಡೆಯರಾದ ಮೆಣಸಿನಕಾಯಿ ಸಾಹುಕಾರರು ಮದುವೆಗೆ ಹೊರಟು ಗಡಿಬಿಡಿ ಮಾಡುತ್ತಿದ್ದರು. ಮೌನೇಶ ಲೋಹ ಉಜ್ಜುವ ಒರಟು ಅರ ತೆಗೆದುಕೊಂಡು, ಬಾಗಿಲಿನಲ್ಲಿಯೇ, ಮೂರು ಸಲ ಎಳೆದ. ಕೂತಿತು. ಗೀರಿನ ಮೇಲೆ ಗ್ರೀಸು ಸವರಿದ.

ಆ ಸಂಜೆ ನವಲೂರಿನ ತಿರುವಿನಲ್ಲಿ ಬಾಗಿಲು ತೆರೆದುಕೊಂಡು ಸಾಹುಕಾರರ ಹೆಂಡತಿ ರಸ್ತೆಗೆ ಬಿದ್ದು ಸತ್ತರು. ಹಿಡಿಕೆ ಎಷ್ಟು ಹುಡುಕಿದರೂ ಪೊಲೀಸರಿಗೆ ಸಿಗಲಿಲ್ಲ. ಕಾಳಪ್ಪ ತಾನಾಗಿಯೇ ಮುಂದೆ ಬಂದು, ಕೆಲಸ ನನ್ನದು, ತಪ್ಪೂ ನನ್ನದು ಎಂದ. ಆಮೇಲೆ ಸುತ್ತಿಗೆ ಮುಟ್ಟಲಿಲ್ಲ. ಒಂಬತ್ತು ವರ್ಷ ಹಿಟ್ಟಿನ ಗಿರಣಿಯಲ್ಲಿ ಕೂಲಿ ಮಾಡಿ ಸತ್ತ. ಮೌನೇಶ ಬಾಯಿ ಬಿಡಲಿಲ್ಲ. ಗೀರಿನಿಂದಲೇ ಮುರಿಯಿತೆಂದು ಯಾರು ಕಂಡಿದ್ದಾರೆ ಎಂದು ತಮಗೆ ತಾವೇ ಹೇಳಿಕೊಂಡು ನಲವತ್ತೇಳು ವರ್ಷ ದೂಡಿದ್ದರು.

ಈಗ ಕಂಡಿತ್ತು. ಗೀರುಗಳು ಎಡಕ್ಕೆ ವಾಲಿದ್ದವು. ಚಿಕ್ಕಂದಿನಲ್ಲಿ ಮುರಿದು ಸೊಟ್ಟ ಕೂಡಿದ ಮಣಿಕಟ್ಟು ಅವರದು. ಅವರು ಅರ ಎಳೆದರೆ ಹಾಗೆಯೇ ವಾಲುತ್ತಿತ್ತು. ಬಾಗಿಲಿನ ಹೊಟ್ಟೆಯೊಳಗಿನ ಗ್ರೀಸಿನಲ್ಲಿ ಅಂದು ಉದುರಿದ ಪುಡಿ ಇನ್ನೂ ಇತ್ತೆಂದೂ, ಯಂತ್ರ ಅದನ್ನೂ ಓದಿದೆಯೆಂದೂ ಶಾಲ್ಮಲಾ ಉತ್ಸಾಹದಿಂದ ವಿವರಿಸುತ್ತಿದ್ದರು. ಮೌನೇಶಪ್ಪನವರ ಕಿವಿಗೆ ಅದು ಬೀಳಲಿಲ್ಲ. ಮೇಜಿನ ಮೇಲೆ ಅಣ್ಣನ ಕೈ ಏಳು ಸಲ, ತಮ್ಮದು ಏಳು ಸಲ ಮಲಗಿತ್ತು.

“ಇದು ದೋಷವೋ, ಗುರುತೋ? ನೀವು ಹೇಳಿದ ಹಾಗೆ ಮಾಡುತ್ತೇನೆ” ಎಂದರು ಶಾಲ್ಮಲಾ.

“ಮಷೀನಿಂದs ತಪ್ಪಿರಬೇಕ್ರಿ” ಎಂದರು ಮೌನೇಶಪ್ಪ.

ಗುಂಡಿ ಒತ್ತಲಾಯಿತು. ಎಂಟನೆಯ ಹಿಡಿಕೆ ಬೆಣ್ಣೆಯಂತೆ ನಯವಾಗಿ ಬಂತು. ಮೊದಲಿನ ಏಳನ್ನೂ ಗುಜರಿ ಡಬ್ಬಿಗೆ ಹಾಕಿದರು. ಅವುಗಳಲ್ಲೊಂದನ್ನು ಮೌನೇಶಪ್ಪ ಕೇಳಿ ಇಸಿದುಕೊಂಡು ಅಂಗಿಯ ಜೇಬಿಗೆ ಇಳಿಬಿಟ್ಟರು. ಯಾಕೆಂದು ಅವರಿಗೂ ಗೊತ್ತಿರಲಿಲ್ಲ. ಮನೆಗೆ ಹೋದ ಮೇಲೆ ಅದನ್ನು ಎಲ್ಲಿಟ್ಟರೂ ಅದು ಇದ್ದ ಕಡೆಗೇ ಅವರ ಕಣ್ಣು ಹೋಗುತ್ತಿತ್ತು. ಉಣ್ಣಲು ಕುಳಿತರೆ ಹೊರಗಿನಿಂದ ಅರದ ಸಪ್ಪಳ ಕೇಳಿದಂತಾಗುತ್ತಿತ್ತು, ಮೂರು ಸಲ.

ನಾಲ್ಕನೆಯ ದಿನ ಮುಂಜಾನೆ ಹಿಡಿಕೆ ಕೂಡಿಸಲು ಮತ್ತೆ ಕರೆ ಬಂತು. ವಿದ್ಯಾವತಿ ಆಗಲೇ ಬಂದಿದ್ದರು. ಮೌನೇಶಪ್ಪ ಎಂಟನೆಯ ಹಿಡಿಕೆಯನ್ನು ಬಾಗಿಲಿಗೆ ಕೂಡಿಸಿ ಪಕ್ಕಕ್ಕೆ ಸರಿದರು. ವಿದ್ಯಾವತಿ ಹಿಂದಿನ ಸೀಟಿನಲ್ಲಿ ಕುಳಿತು, ಹಿಡಿಕೆಯ ಮೇಲೆ ಕೈಯಿಟ್ಟು, ಅದನ್ನು ಮೆಲ್ಲಗೆ ಸವರಿ ನೋಡಿದರು. ಆಮೇಲೆ ಶಾಲ್ಮಲಾ ಅವರನ್ನು ಒಂದು ಪ್ರಶ್ನೆ ಕೇಳಿದರು: ಇದು ತಾನಾಗಿಯೇ ಮುರಿಯುವುದು ಸಾಧ್ಯವೇ?

ಶಾಲ್ಮಲಾ ಲೆಕ್ಕ ನೋಡಿ, ಇಬ್ಬರು ಜೋತುಬಿದ್ದರೂ ಈ ಕತ್ತು ಮುರಿಯದು ಎಂದರು. ಮಾಡಿದವರು ಬಹಳ ಗಟ್ಟಿಯಾಗಿ ಮಾಡಿದ್ದಾರೆ ಎಂದು ಮೆಚ್ಚಿಕೆಯಿಂದ ಸೇರಿಸಿದರು. ಬಾಗಿಲು ತೆರೆದಿದ್ದರೆ ಒಳಗಿನಿಂದ ಯಾರೋ ತೆರೆದಿರಬೇಕು ಎಂದೂ ಹೇಳಿದರು.

ವಿದ್ಯಾವತಿ ತಲೆಯಾಡಿಸಿದರು. “ನನಗ ಆರು ವರ್ಷ ಆಗ. ಅವ್ವನ ತೊಡಿ ಮ್ಯಾಲೆ ಕುಂತು ಇದರ ಸಂಗಡ ಆಡಾಕತ್ತಿದ್ದೆ. ಮುರೀತೋ, ನಾನs ತಗದ್ನೋ, ಅದನ್ನ ತಿಳಕೋಬೇಕಂತ ಇದನ್ನ ಮಾಡಿಸಿದೆ. ಕಾರಿಗೆ ಪತ್ರ ಬೇಕಂತ ಮಾಡಿಸಿದ್ದಲ್ಲ.” ಹಿಡಿಕೆಯಿಂದ ಕೈ ತೆಗೆದು ಅಂದರು: “ಹಂಗಾದ್ರ ನಾನs ತಗದೇನಿ.”

ಅವರು ಅಳಲಿಲ್ಲ. ಲೆಕ್ಕದ ಉತ್ತರ ಬಂತೆಂಬಂತೆ ಹೇಳಿದರು. ಮೌನೇಶಪ್ಪನವರಿಗೆ ಅದೇ ಸಹಿಸಲಾಗಲಿಲ್ಲ. ಅಣ್ಣನ ಹೆಗಲಿಗೆ ಹೊರಿಸಿದ್ದು ಸಾಲದೆಂದು ಈಗ ಆರು ವರ್ಷದ ಕೂಸಿಗೂ ಹೊರಿಸಿದಂತಾಗಿತ್ತು. ಅವರು ಜೇಬಿಗೆ ಕೈ ಹಾಕಿದರು.

“ಆ ಹಿಡಿಕಿ ಸುಳ್ಳು ರೀ, ಅಕ್ಕಾರ. ಖರೇದು ಇದು. ಈ ಮೂರು ಗೀರು ನಾ ಹಾಕಿದ್ದು. ಮಷೀನು ತಪ್ಪಿಲ್ಲ. ನಾ ಸುಳ್ಳು ಹೇಳಿದೆ.”

ಅರ, ಗಡಿಬಿಡಿ, ಗ್ರೀಸು, ಎಲ್ಲವನ್ನೂ ಅವರು ನಿಂತಲ್ಲಿಯೇ ಹೇಳಿದರು. ನಯವಾದ ಹಿಡಿಕೆಯನ್ನು ಬಿಚ್ಚಿ ಗೀರಿನ ಹಿಡಿಕೆಯನ್ನು ಕೂಡಿಸಿದರು. ವಿದ್ಯಾವತಿ ಅದರ ಮೇಲೆ ಕೈಯಿಟ್ಟು, ತಿರುವಿನಲ್ಲಿ ವಾಲಿದವರು ಆಸರೆಗೆ ಹಿಡಿದುಕೊಳ್ಳುವಷ್ಟೇ ಭಾರ ಹಾಕಿದರು. ಟಿಕ್ ಎಂದು ಸಣ್ಣ ಸದ್ದಾಯಿತು. ಹಿಡಿಕೆ ಮೂರನೆಯ ಗೀರಿನಲ್ಲಿ ಮುರಿದು ಕೈಗೆ ಬಂತು. ಬಾಗಿಲು ಮೆಲ್ಲಗೆ ತಾನಾಗಿಯೇ ತೆರೆದುಕೊಂಡಿತು.

ಶಾಲ್ಮಲಾ ಯಂತ್ರದ ಕಡೆ ತಿರುಗಿ ನೋಡಿದರು. ಕಾರುಗಳಿಗೆ ಅಂದ ತರಲೆಂದು ಮಾಡಿದ ಯಂತ್ರ ಸಾಕ್ಷಿ ಹೇಳೀತೆಂದು ಅವರು ಕನಸಿನಲ್ಲಿಯೂ ಎಣಿಸಿರಲಿಲ್ಲ. ಒಂದು ಗುಂಡಿ ಒತ್ತಿದರೆ ಅದು ಸುಳ್ಳು ಸಾಕ್ಷಿಯನ್ನೂ ಹೇಳೀತೆಂದಂತೂ ಎಣಿಸಿರಲೇ ಇಲ್ಲ.

ವಿದ್ಯಾವತಿ ಮುರಿದ ತುಂಡನ್ನು ಮಡಿಲಲ್ಲಿಟ್ಟುಕೊಂಡು ಈಗ ಅತ್ತರು. ಅತ್ತು ಮುಗಿದ ಮೇಲೆ, ಮೌನೇಶಪ್ಪನವರ ಮುಖ ನೋಡದೆಯೇ ಹೇಳಿದರು: “ನಿಮ್ಮನ್ನ ಕ್ಷಮಾ ಮಾಡೇನಿ ಅಂತ ನಾ ಇವತ್ತು ಹೇಳಲಾರೆ. ಆದ್ರ ನನಗಿಂತ ಮೊದಲ ನೀವು ಇದನ್ನ ಹೇಳಬೇಕಾದವರು ಬ್ಯಾರೆ ಅದಾರ.”

ಇದ್ದರು. ಕಾಳಪ್ಪನ ಹೆಂಡತಿ ಈರವ್ವ, ಎಪ್ಪತ್ತಮೂರು ವರ್ಷ, ಅದೇ ಹಳೆಯ ಓಣಿಯಲ್ಲಿ, ಮೌನೇಶಪ್ಪನವರ ಮನೆಗೆ ಗೋಡೆ ಹಚ್ಚಿದ ಮನೆಯಲ್ಲಿ. ಮೌನೇಶಪ್ಪ ಗುಜರಿ ಡಬ್ಬಿಯಿಂದ ಇನ್ನೊಂದು ಹಿಡಿಕೆ ತೆಗೆದುಕೊಂಡು ನಡೆದುಕೊಂಡೇ ಹೋದರು. ಈರವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ಮೌನೇಶಪ್ಪ ಎದುರಿಗೆ ಕುಳಿತು, ಮಾತು ಎಲ್ಲಿಂದ ಸುರುಮಾಡಬೇಕೋ ತಿಳಿಯದೆ, ಹಿಡಿಕೆಯನ್ನು ಮೊರದ ಅಂಚಿನಲ್ಲಿ ಇಟ್ಟರು.

ಈರವ್ವ ಅದನ್ನು ನೋಡಿದರು. ಕೈಯಿಂದ ಮೊರ ಜಾರಿತು, ಜೋಳ ನೆಲದ ತುಂಬ ಹರಡಿತು.

“ಇದನ್ನ ಎಲ್ಲಿಂದ ತಂದಿ?” ಎಂದರು ಈರವ್ವ. “ಇದು ಮುಳುಗಿದ್ದನ್ನ ನಾ ಕಣ್ಣಾರೆ ಕಂಡೇನಿ. ಎರಡು ತುಂಡಾಗಿತ್ತು. ಕೂಡಿಕೊಂಡು ಹೆಂಗ ಬಂತು?”

ಮೌನೇಶಪ್ಪನವರಿಗೆ ಅರ್ಥವಾಗಲಿಲ್ಲ. ಈರವ್ವ ಹಿಡಿಕೆಯನ್ನು ಮುಟ್ಟದೆ, ಅದರತ್ತಲೇ ನೋಡುತ್ತ, ಬಿಟ್ಟು ಬಿಟ್ಟು ಹೇಳಿದರು. ಸಾಹುಕಾರರ ಹೆಂಡತಿ ಬಿದ್ದ ಮರುದಿನ ಬೆಳಕು ಹರಿಯುವ ಹೊತ್ತಿಗೆ, ಪೊಲೀಸರಿಗಿಂತ ಮೊದಲು, ಕಾಳಪ್ಪ ಸೈಕಲ್ ತುಳಿದುಕೊಂಡು ನವಲೂರಿನ ತಿರುವಿಗೆ ಹೋಗಿದ್ದ. ಒಂದು ತುಂಡು ರಸ್ತೆ ಬದಿಯ ಜಾಲಿಯ ಕೆಳಗೆ, ಇನ್ನೊಂದು ತುಂಡು ಅಲ್ಲಿಯೇ ನಿಂತಿದ್ದ ಕಾರಿನ ಬಾಗಿಲಿನಲ್ಲಿ ಸಿಕ್ಕಿದ್ದವು. ಎರಡನ್ನೂ ಮನೆಗೆ ತಂದು, ಮೂರು ಗೀರುಗಳನ್ನು ನೋಡುತ್ತ ಬಹಳ ಹೊತ್ತು ಕೂತಿದ್ದ. ಎಡಕ್ಕೆ ವಾಲಿದ ಗೀರು ಯಾರದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆ ಕೈಗೆ ಅರ ಹಿಡಿಯಲು ಕಲಿಸಿದವನು ಅವನೇ. ಆಮೇಲೆ ಹೆಂಡತಿಯನ್ನು ಸೈಕಲ್ಲಿನ ಹಿಂದೆ ಕೂಡಿಸಿಕೊಂಡು ಉಣಕಲ್ಲ ಕೆರೆಗೆ ಹೋಗಿ ಎರಡನ್ನೂ ಎಸೆದು ಬಂದ.

“ತಮ್ಮಗ ಇನ್ನೂ ಮದಿವಿ ಆಗಿಲ್ಲ, ನಂದು ಹೆಂಗೋ ನಡೀತೈತಿ ಅಂದ್ರು. ನಿನಗ ಗೊತ್ತಾಗಬಾರದಂತ ಆಣಿ ಹಾಕಿಸಿಕೊಂಡ್ರು.”

ಮೌನೇಶಪ್ಪ ನೆಲದ ಮೇಲೆ ಹರಡಿದ ಜೋಳವನ್ನು ನೋಡುತ್ತಿದ್ದರು. ಅಣ್ಣ ಆ ಒಂಬತ್ತು ವರ್ಷ ದಿನಾ ಎದುರಿಗೆ ಕೂತು ಉಂಡಿದ್ದ. ಮೈತುಂಬ ಹಿಟ್ಟು ಮೆತ್ತಿಕೊಂಡು ಬಂದು, ಗ್ಯಾರೇಜು ಹೇಗೆ ನಡೆದಿದೆ ಎಂದು ಕೇಳುತ್ತಿದ್ದ. ಅವನಿಗೆ ಗೊತ್ತಿಲ್ಲ ಎಂಬುದೊಂದೇ ಮೌನೇಶಪ್ಪನವರಿಗೆ ಇಷ್ಟು ವರ್ಷ ಆಸರೆಯಾಗಿತ್ತು. ಅಣ್ಣ ಕಾಣದಂತೆ ಮಾಡಿಟ್ಟಿದ್ದನ್ನು ಮಷೀನು ಹೊರಗೆ ತೆಗೆದಿತ್ತು. ಅವರು ಮುದಿ ವಯಸ್ಸಿನಲ್ಲಿ ಚಿಕ್ಕ ಹುಡುಗನಂತೆ ಬಿಕ್ಕಿ ಬಿಕ್ಕಿ ಅತ್ತರು.

ಈರವ್ವ ಎದ್ದು ಚಪ್ಪಲಿ ಮೆಟ್ಟಿಕೊಂಡರು. ಹಿಡಿಕೆಯನ್ನು ಸೆರಗಿನಲ್ಲಿ ಸುತ್ತಿಕೊಂಡು, ಇಂಥವು ಇನ್ನೆಷ್ಟು ಇವೆ ಎಂದು ಕೇಳಿದರು. ಡಬ್ಬಿಯಲ್ಲಿ ಇನ್ನೂ ಐದಿವೆ ಎಂದರು ಮೌನೇಶಪ್ಪ.

“ನಡಿ, ಅವನ್ನೂ ತಗೊಂಡು ಹೋಗೂಣು. ಅವರ ಮಾತು ನಡೀಬೇಕು. ಕೆರಿ ಇನ್ನೂ ಅಲ್ಲೇ ಐತಿ.”

“ಬ್ಯಾಡ ವೈನಿ” ಎಂದರು ಮೌನೇಶಪ್ಪ, ಅವರ ಸೆರಗಿನಿಂದ ಅದನ್ನು ಬಿಚ್ಚಿಕೊಳ್ಳುತ್ತ. “ಅಣ್ಣ ಒಗದಾ. ನಾ ಒಗಿಯೂದಿಲ್ಲ.”

ಈಗ ಆ ಹಿಡಿಕೆ ಕಂಬಾರ ಗ್ಯಾರೇಜಿನ ಗೋಡೆಯ ಮೇಲೆ, ಕಾಳಪ್ಪನ ಫೋಟೋದ ಕೆಳಗೆ, ಗೀರುಗಳು ಕಾಣುವ ಹಾಗೆ ಮೊಳೆಗೆ ತೂಗುತ್ತಿದೆ. ಇದು ಯಾರ ಕೆಲಸ ಎಂದು ಬಂದವರು ಕೇಳಿದರೆ, ಹಿಡಿಕೆ ನಮ್ಮ ಅಣ್ಣನದು, ಗೀರು ನನ್ನವು ಎಂದು ಮೌನೇಶಪ್ಪ ಹೇಳುತ್ತಾರೆ. ಕೇಳದವರಿಗೂ ಹೇಳುತ್ತಾರೆ.