ಮಾತಿನ ಮಣಿ ಮತ್ತು ಕಂಚಿನ ಮೂವರು

ಮೋಡಗಳು ನೆಲಕ್ಕಿಳಿದು ಮೇಯುತ್ತಿದ್ದ ಕಾಲವೊಂದಿತ್ತು. ಆ ಕಾಲದಲ್ಲಿ ಮುಗಿಲೂರು ಎಂಬ ರಾಜ್ಯ. ಅದಕ್ಕೆ ಸೋಮಲಾದೇವಿ ರಾಣಿ, ಅವಳಿಗೆ ಇರುವಂತಿ ಒಬ್ಬಳೇ ಮಗಳು. ಗುಜುಗುಂಡ ಅಂತ ಒಬ್ಬ ಹಾಳು ಮಾಂತ್ರಿಕ ರಾಣಿಯನ್ನು ಹೊತ್ತೊಯ್ದು ಮಂಜಿನ ಕೆರೆಯ ನಡುವಿನ ಗೋಪುರದಲ್ಲಿ ಕೂಡಿಹಾಕಿದ. ಹೊತ್ತು ಮುಳುಗುವುದರೊಳಗೆ ಬಿಡಿಸದಿದ್ದರೆ ರಾಣಿಯೂ ಮಂಜಾಗಿ ಕರಗಿಹೋಗುತ್ತಾಳೆ.

ಇರುವಂತಿ ದಡಕ್ಕೆ ಓಡಿ ಬಂದಳು. ಕೈಯಲ್ಲಿ ಅವರೆಕಾಳಿನಷ್ಟು ಪುಟ್ಟ ಮಾತಿನ ಮಣಿ. ಕೆರೆಯ ಸುತ್ತ, ಮಂಜಿನೊಳಗೆ ಎಲ್ಲೋ, ಅರಮನೆಯ ಕಾವಲಿನ ಮೂವರಿದ್ದರು: ಕಂಚಿನ ನವಿಲು, ಕಂಚಿನ ಮೊಸಳೆ, ಕಂಚಿನ ಆನೆ. ದಾರವಿಲ್ಲ, ತಂತಿಯಿಲ್ಲ, ಮಣಿಗೆ ಹೇಳಿದ ಮಾತು ಗಾಳಿಯಲ್ಲೇ ತೇಲಿ ಅವರ ಕಿವಿ ಸೇರುತ್ತಿತ್ತು. ಆದರೆ ಮಣಿಗೊಂದು ಪದ್ಧತಿ. ಮೊದಲು ಹೆಸರು ಹಿಡಿದು ಕರೆಯಬೇಕು. ಆಮೇಲೆ ಒಂದೊಂದೇ ಅಕ್ಷರ, ಹೂ ಪೋಣಿಸಿದ ಹಾಗೆ. ಅತ್ತಲಿಂದ "ಓ" ಅಂದಮೇಲೇ ಇನ್ನೊಬ್ಬರನ್ನು ಕರೆಯಬೇಕು.

ಅವಸರದಲ್ಲಿ ಪದ್ಧತಿ ಯಾರಿಗೆ ನೆನಪಿರುತ್ತೆ ಹೇಳಿ! "ಅಯ್ಯೋ, ಮಂಜು ಬೀಸ್ರಪ್ಪಾ, ಕೆರೆ ದಾಟ್ಸ್ರಪ್ಪಾ, ಬಾಗಿಲು ಒಡೀರಪ್ಪಾ!" ಅಂತ ಒಂದೇ ಉಸಿರಿಗೆ ಕೂಗಿಬಿಟ್ಟಳು. ಮೂವರೂ ಒಟ್ಟಿಗೇ "ಓ" ಅಂದರು. ಗಾಳಿಯಲ್ಲಿ ಅಕ್ಷರಗಳೆಲ್ಲ ಒಂದಕ್ಕೊಂದು ಸಿಕ್ಕಿಕೊಂಡವು. ಆನೆ ನಿಂತಲ್ಲೇ ಕಿವಿ ಬೀಸತೊಡಗಿತು. ನವಿಲು ನೀರಿಗೆ ಧುಮುಕಿ ಕೆಮ್ಮುತ್ತಾ ಎದ್ದಿತು. ಮೊಸಳೆ ದಡದ ಮೇಲಿನ ಯಾರದೋ ಕೊಟ್ಟಿಗೆಯ ಬಾಗಿಲು ಮುರಿದು ಹಾಕಿತು, ಪಾಪ.

ಗೋಪುರದ ತುದಿಯಲ್ಲಿ ಗುಜುಗುಂಡ ಬಿದ್ದು ಬಿದ್ದು ನಕ್ಕ. "ಕರಿಯಮ್ಮಾ ಕರಿ, ಇನ್ನೂ ಜೋರಾಗಿ ಕರಿ!"

ಇರುವಂತಿಗೆ ಅಳು ಒತ್ತರಿಸಿ ಬಂತು. ಕಣ್ಣೊರೆಸಿಕೊಂಡು ಮೆಲ್ಲಗೆ ಕರೆದಳು. "ನವಿಲಣ್ಣಾ. ಮಂ... ಜು... ಬೀ... ಸು."

"ಓ," ಅಂದಿತು ನವಿಲು. ಮಿಕ್ಕಿಬ್ಬರಿಗೂ ಕೇಳಿಸಿತು, ತಮ್ಮ ಹೆಸರಲ್ಲವಲ್ಲ, ಸುಮ್ಮನಿದ್ದರು. ನವಿಲು ಗರಿ ಬಿಚ್ಚಿ ಬೀಸಿತು, ಮಂಜು ಹರಿಯಿತು, ಗೋಪುರ ಕಂಡಿತು.

"ಮೊಸಳೆಯಣ್ಣಾ. ಆ... ನೆ... ಹೊ... ರು."

"ಓ," ಅಂದಿತು ಮೊಸಳೆ. ಆನೆಯನ್ನು ಬೆನ್ನಿಗೇರಿಸಿಕೊಂಡು ಗೋಪುರದ ಕಡೆಗೆ ತೇಲಿತು. ಹೇಗೆ ಅಂತ ಕೇಳಬೇಡಿ, ತೇಲಿತು.

ಈಗ ಗುಜುಗುಂಡ ನಗು ನಿಲ್ಲಿಸಿದ. "ಗುಜುಗುಜು ಗುಜುಗುಜು" ಅಂತ ಮಂತ್ರ ಅರಚಿ ಗಾಳಿಯನ್ನೆಲ್ಲ ಗದ್ದಲದಿಂದ ತುಂಬಿಸಿದ. ಇರುವಂತಿ ಕರೆದದ್ದು ಅವಳ ಕಿವಿಗೇ ಕೇಳಿಸಲಿಲ್ಲ. ಸೂರ್ಯ ಬೆಟ್ಟದ ಅಂಚು ಮುಟ್ಟಿದ್ದ. ಗೋಪುರದ ಕಿಟಕಿಯಲ್ಲಿ ಅವ್ವನ ಮುಖ ಮಸುಕಾಗುತ್ತಿತ್ತು.

ಕೂಗಬೇಕೆನಿಸಿತು. ಕೂಗಲಿಲ್ಲ, ಕಿವಿಗೊಟ್ಟಳು. ಮಾಂತ್ರಿಕನಾದರೇನು, ಅವನೂ ಉಸಿರೆಳೆದುಕೊಳ್ಳಲೇಬೇಕಲ್ಲ! ಅವನು ಉಸಿರೆಳೆದಾಗ ಅವಳದೊಂದು ಅಕ್ಷರ. "ಆ." ಗುಜುಗುಜು. "ನೆ." ಗುಜುಗುಜು. "ಯ." ಗುಜುಗುಜು. "ಣ್ಣಾ." ಹಾಗೇ "ಬಾ", "ಗಿ", "ಲು", "ಒ", "ಡಿ". ಆಮೇಲೆ ಮಣಿಯನ್ನು ಎದೆಗೊತ್ತಿಕೊಂಡು ಕಾದಳು.

"ಓ," ಅಂದಿತು ಆನೆ.

ಒಂದೇ ಗುದ್ದು! ಬಾಗಿಲು ಚೂರುಚೂರು. ಗೋಪುರ ಅಲುಗಿ, ತುದಿಯಲ್ಲಿದ್ದ ಗುಜುಗುಂಡ ಕೆರೆಗೆ ಬಿದ್ದು, ತಾನೇ ಮಂಜಾಗಿ ಕರಗಿದ.

ರಾಣಿ ಆನೆಯ ಮೇಲೆ ಕೂತು, ಮೊಸಳೆಯ ಬೆನ್ನಿನಲ್ಲಿ ತೇಲಿ ಬಂದಳು. ಇರುವಂತಿ ಮೊಣಕಾಲುದ್ದ ನೀರಿಗಿಳಿದು ಅವಳನ್ನು ತಬ್ಬಿಕೊಂಡಳು. "ಅವ್ವಾ, ನೀನು ಕರಗೇ ಹೋದೆ ಅಂತ—" "ಎಷ್ಟು ಸೊರಗಿದ್ದೀಯೇ, ಊಟ ಏನಾದ್ರೂ—" "ಎಷ್ಟು ಹೆದರಿದ್ದೆ ಗೊತ್ತಾ—" "ಯಾಕೇ ಅಳ್ತೀಯ, ನೋಡು, ನಾನೆಲ್ಲಿ ಅಳ್ತಿದೀನಿ—" ಇಬ್ಬರೂ ಒಟ್ಟಿಗೇ ಮಾತಾಡಿದರು. ಒಬ್ಬರ ಮಾತು ಒಬ್ಬರಿಗೆ ಕೇಳಿಸಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ.

ಅವತ್ತು ಮುಗಿಲೂರಿನಲ್ಲಿ ಪಾಯಸ ಕಾಯಿಸದ ಒಲೆಯಿಲ್ಲ. ತಾಯಿ ಮಗಳು ಬಹುಕಾಲ ಸುಖವಾಗಿದ್ದರು. ಅವರ ಮಾತು ಮಾತ್ರ ಇನ್ನೂ ಮುಗಿದಿಲ್ಲವಂತೆ.