ಬಿಳಿ ಕಾಗದದ ಮೇಲೆ ಹದಿನಾರು ಅಕ್ಷರ

ಅನುಮಾನ ನನಗೆ ಹುಟ್ಟಿನಿಂದಲೇ ಬಂದದ್ದು. ಈಗ ತಾನೇ ಕಾಯಿಸಿದ ಹಾಲನ್ನೂ ಮೂಸಿ ನೋಡುವವಳು ನಾನು. ತಂಗಿ ನನ್ನನ್ನು ಕರೆಯುವುದೇ 'ಪತ್ತೇದಾರಿ ಅಕ್ಕ' ಎಂದು. ಹೀಗಿರುವಾಗ ಆ ಬೀಗದ ಅಂಗಡಿಯವರು ಆಸ್ಪತ್ರೆಗೆ ಬಂದ ಮೊದಲ ದಿನವೇ ನನ್ನ ಕಡೆ ತಿರುಗಿ ನಕ್ಕರೆ ಸುಮ್ಮನಿರುತ್ತೇನೆಯೇ? ಯಾಕೆ ನಕ್ಕರು ಎಂದು ಊಟದ ಹೊತ್ತಿನವರೆಗೂ ತಲೆ ಕೆಡಿಸಿಕೊಂಡೆ.

ನನ್ನ ಕೆಲಸ ಕಣ್ಣಾಸ್ಪತ್ರೆಯ ಮೂರನೇ ಮಹಡಿಯಲ್ಲಿ, ಕಿಟಕಿಯೇ ಇಲ್ಲದ ಉದ್ದನೆಯ ಕೋಣೆಯಲ್ಲಿ. ಒಂದು ತುದಿಗೆ ಕುರ್ಚಿ, ಇನ್ನೊಂದು ತುದಿಗೆ ಬೆಳಕಿನ ಪೆಟ್ಟಿಗೆ, ಅದರ ಮೇಲೆ ಸಾಲಿಗೆ ಐದರಂತೆ ಇಂಗ್ಲಿಷ್ ಅಕ್ಷರಗಳಿರುವ ಹಲಗೆ. ಕಣ್ಣಿನೊಳಗಿನ ರೆಟಿನಾ ಪೊರೆ ಸವೆಯುತ್ತಿರುವವರು ಬಂದು ಕೂತು ಕಂಡಷ್ಟು ಓದುತ್ತಾರೆ, ನಾನು ಎಣಿಸಿ ಬರೆಯುತ್ತೇನೆ. ಕೀಲುನೋವಿನ ಊತ ಇಳಿಸಲು ಕೊಡುವಂಥದ್ದೇ ಒಂದು ಮಾತ್ರೆ ಕಣ್ಣೊಳಗಿನ ಉರಿಯೂತವನ್ನೂ ಇಳಿಸಿ ಈ ಸವೆತವನ್ನು ನಿಧಾನ ಮಾಡುತ್ತದೆಯೇ ಎಂದು ನೋಡುವ ಪ್ರಯೋಗ ಅದು. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಇನ್ನರ್ಧ ಜನಕ್ಕೆ ಮದ್ದಿಲ್ಲದ ಖಾಲಿ ಮಾತ್ರೆ. ಯಾರಿಗೆ ಯಾವುದು ಎಂದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಒಂದು ವರ್ಷ ಮುಗಿಸಿದವರಿಗೆಲ್ಲ ಆಮೇಲೆ ನಿಜವಾದದ್ದೇ ಸಿಗುತ್ತದೆ. ಆದರೆ ಓದಿದ ಅಕ್ಷರ ಮೂವತ್ತೈದಕ್ಕಿಂತ ಕಡಿಮೆಯಾದರೆ ಅಂಥವರನ್ನು ನಡುವೆಯೇ ಪ್ರಯೋಗದಿಂದ ಕೈಬಿಡುತ್ತಾರೆ, ಆ ಮಾತ್ರೆಯೂ ಸಿಗುವುದಿಲ್ಲ.

ಬೀಗದವರು ಎಂದರೆ ಬಸ್ ನಿಲ್ದಾಣದ ಪಕ್ಕದ ಪುಟ್ಟ ಅಂಗಡಿಯಲ್ಲಿ ಕೀಲಿಕೈ ಮಾಡಿಕೊಡುವ ಮನುಷ್ಯ. ಅವರ ಕಣ್ಣೂ ಸವೆಯುತ್ತಿತ್ತು; ಈ ಪ್ರಯೋಗಕ್ಕೆ ತಿಂಗಳಿಗೊಮ್ಮೆ ಬರುತ್ತಿದ್ದರು.

"ಮೇಡಂ, ನಿಮ್ಮ ಮನೇಲಿ ಯಾವ ಥರದ ಬೀಗ?"

"ಯಾಕೆ?"

"ಸುಮ್ನೆ ಕೇಳ್ದೆ."

"ಸುಮ್ಸುಮ್ನೆ ಯಾರೂ ಬೀಗದ ವಿಷಯ ಕೇಳಲ್ಲ."

"ಅಯ್ಯೋ, ಸರಿ ಬಿಡಿ. ಊಟ ಆಯ್ತಾ ಅಂತ ಕೇಳ್ತೀನಿ."

ನಗು ಬಂದರೂ ಪೆನ್ನು ಕಚ್ಚಿಕೊಂಡು ತಡೆದೆ. ಇನ್ನೊಂದು ಸಲ ಅವರು ನನ್ನ ಎಡಗಿವಿಯನ್ನೇ ನೋಡುತ್ತಿದ್ದರು.

"ನನ್ನ ಕಿವೀಲಿ ಏನಿದೆ?"

"ಏನಿಲ್ಲ. ನೇರ ನೋಡಿದ್ರೆ ನಡುವೆ ಮಸುಕು. ಕಿವಿ ನೋಡಿದ್ರೇನೇ ನನಗೆ ನಿಮ್ಮ ಮುಖ ಕಾಣೋದು."

ಮುಂದಿನ ತಿಂಗಳು ನಾನು ಹೊಸ ಓಲೆ ಹಾಕಿಕೊಂಡು ಹೋದೆ. ಹಳೇದರ ತಿರುಪು ಸಡಿಲವಾಗಿದೆ ಎಂದು ತಂಗಿಗೆ ಹೇಳಿದೆ. ಅವಳು, "ಹೌದೌದು, ತಿರುಪು ಸಡಿಲ," ಎಂದು ನನ್ನ ತಲೆಯತ್ತ ಕೈ ತೋರಿಸಿದಳು.

ಏಳನೇ ತಿಂಗಳು ಓದಿದ್ದು ನಲವತ್ತಾರು ಅಕ್ಷರ. ಎಂಟರಲ್ಲೂ ನಲವತ್ತಾರು, ಒಂಬತ್ತರಲ್ಲೂ ನಲವತ್ತಾರು. ಮಾತ್ರೆ ಕೆಲಸ ಮಾಡುತ್ತಿದೆ ಎಂದು ಒಳಗೊಳಗೇ ಹಿಗ್ಗಿದೆ. ಆದರೆ ಆ ದಿನ ಹೊರಡುವಾಗ ಅವರ ಕೈ ಬಾಗಿಲ ಹಿಡಿಕೆಯನ್ನು ಬಿಟ್ಟು ಗೋಡೆಗೆ ತಗುಲಿತು. ಲೋಟಕ್ಕೆ ಬಗ್ಗಿಸಿದ ನೀರು ಮೇಜಿನ ಮೇಲೆ ಹರಿಯಿತು. ಇಷ್ಟೂ ಕಾಣದವರು ನಲವತ್ತಾರು ಅಕ್ಷರ ಓದಿದ್ದು ಹೇಗೆ? ಈ ನಗು, ಈ ಕಿವಿಯ ಕಥೆ, ಎಲ್ಲ ನನ್ನ ಕಣ್ಣಿಗೆ ಮಣ್ಣೆರಚಲಿಕ್ಕೇ ಇರಬೇಕು ಎನ್ನಿಸಿತು. ಒಂದು ತಿಂಗಳು ಸರಿಯಾಗಿ ಊಟ ಸೇರಲಿಲ್ಲ.

ಹತ್ತನೇ ತಿಂಗಳು ಅವರು ಬರುವ ಮೊದಲೇ ಹಲಗೆಯ ಏಳನೇ ಸಾಲಿನಿಂದ ಕೆಳಕ್ಕೆ ಬಿಳಿ ಕಾಗದ ಅಂಟಿಸಿದೆ. ಬಂದರು, ನಕ್ಕರು, ಕೂತು ಓದಿದರು. ಮೊದಲ ಆರು ಸಾಲು ಮುಗಿಯಿತು. ನಿಲ್ಲಲಿಲ್ಲ. ಏನೂ ಇಲ್ಲದ ಕಾಗದದ ಮೇಲಿಂದ ಇನ್ನೂ ಹದಿನಾರು ಅಕ್ಷರಗಳನ್ನು ಸರಾಗವಾಗಿ ಓದಿ ಮುಗಿಸಿದರು.

"ಎದ್ದು ಇಲ್ಲಿ ಬನ್ನಿ," ಎಂದೆ. ಬಂದು ಹಲಗೆ ಮುಟ್ಟಿದರು. ಬೆರಳಿಗೆ ಕಾಗದದ ಅಂಚು ಸಿಕ್ಕಿದ್ದೇ ಮುಖ ಸಪ್ಪಗಾಯಿತು.

"ಎಷ್ಟು ದಿನದಿಂದ ಈ ನಾಟಕ?"

"ಮೂರು ತಿಂಗಳಾಯ್ತು. ಮೊದಮೊದಲು ಕಾಣ್ತಿತ್ತಲ್ಲ, ಆವಾಗ್ಲೇ ಬಾಯಿಪಾಠ ಆಗಿತ್ತು. ಒಂದ್ಸಲ ನೋಡಿದ ಕೀಲಿಕೈಯ ಹಲ್ಲು ಮರೆಯಲ್ಲ ನಾನು, ಇದನ್ನ ಮರೀತೀನಾ?"

ನನಗೆ ಉರಿದುಹೋಯಿತು. "ನಿಮ್ಮ ಸುಳ್ಳು ಲೆಕ್ಕ ನಂಬಿ ಕೆಲಸಕ್ಕೆ ಬಾರದ ಮಾತ್ರೆ ಪಾಸ್ ಆದ್ರೆ? ನಾಳೆ ನಿಮ್ಮ ಥರಾನೇ ಕಣ್ಣು ಕಳ್ಕೊಳ್ತಿರೋರು ಅದನ್ನೇ ನುಂಗ್ತಾ ಕೂತ್ಕೋಬೇಕಾ? ನಕ್ಕು ಮಾತಾಡಿ ನನ್ನನ್ನ ಬುಟ್ಟಿಗೆ ಹಾಕ್ಕೊಂಡ್ರೆ ಮುಗೀತು ಅನ್ಕೊಂಡ್ರಾ?"

"ಶುರು ಮಾಡಿದ್ದು ನೀವು."

"ನಾನಾ!"

"ಮೊದಲು ಎಲ್ಲರ ಹಾಗೆ ನನ್ನನ್ನೂ ಗದರ್ತಿದ್ರಿ. ಐದನೇ ತಿಂಗಳಿಂದ ದನಿ ಮೆತ್ತಗಾಯ್ತು. ಲಿಫ್ಟ್ ತನಕ ಬಂದು ಬಿಡೋಕೆ ಶುರು ಮಾಡಿದ್ರಿ. ಹೊರಗೆ ಸರದಿಗೆ ಕೂತಿರೋ ಅಜ್ಜೀನ ಕೇಳ್ದೆ, ಅವರ ಜೊತೆ ನೀವು ಬಾಗಿಲ ತನಕಾನೂ ಬರಲ್ವಂತೆ. ಆವಾಗ ಅರ್ಥ ಆಯ್ತು. ನನಗೆ ಸಿಗ್ತಿರೋದು ಖಾಲಿ ಮಾತ್ರೆ, ಅದು ನಿಮಗೆ ಗೊತ್ತು, ಪಾಪ ಅಂತ ಕನಿಕರ ತೋರಿಸ್ತಿದ್ದೀರಿ. ಹೇಗಾದ್ರೂ ವರ್ಷ ಮುಗಿಸಿದ್ರೆ ನಿಜವಾದ್ದು ಸಿಗುತ್ತಲ್ಲ, ಅಂತ..." ಅಂಗೈ ತೆರೆದು ತೋರಿಸಿದರು. "ಕಣ್ಣು ಹೋದ್ರೆ ನನ್ನ ಕೈಗೆ ಕೆಲಸ ಇಲ್ಲ ಮೇಡಂ."

ನಾನು ಅವರನ್ನು ಅನುಮಾನಿಸುತ್ತಿದ್ದಷ್ಟೂ ದಿನ ಅವರು ನನ್ನನ್ನು ಅನುಮಾನಿಸುತ್ತಿದ್ದರು. ನನ್ನ ಮೆತ್ತಗಿನ ದನಿಯೇ ಅವರನ್ನು ಈ ಸುಳ್ಳಿಗೆ ಹಚ್ಚಿತ್ತು.

"ದೇವರಾಣೆ ನನಗೆ ಗೊತ್ತಿಲ್ಲ, ಯಾವ ಮಾತ್ರೆ ಅಂತ."

"ಮತ್ತೆ ದನಿ ಯಾಕೆ ಬದಲಾಯ್ತು?"

"ನೀವಂದ್ರೆ ನನಗಿಷ್ಟ, ಅದಕ್ಕೆ! ಬರೆದು ಬೇರೆ ಕೊಡ್ಬೇಕಾ?"

ಅವರು ನನ್ನ ಕಿವಿಯ ಕಡೆ ತಿರುಗಿ ನನ್ನ ಮುಖವನ್ನು ತುಂಬಾ ಹೊತ್ತು ನೋಡಿದರು. "ಸಿಕ್ಕಿಬಿದ್ದವನ ಮೇಲೆ ಪಾಪ ಅನ್ನಿಸಿ ಹೇಳ್ತಿದ್ದೀರಿ."

"ಇಷ್ಟ ಅಂತ ನೀವು ಹೇಳಿದ್ರೂ ನಾನು ನಂಬಲ್ಲ. ಆ ಹದಿನಾರು ಅಕ್ಷರ ನಾನು ಲೆಕ್ಕಕ್ಕೆ ಸೇರಿಸ್ಲಿ ಅಂತ ಹೇಳ್ತಿದ್ದೀರಿ ಅನ್ಕೋತೀನಿ."

"ಚೆನ್ನಾಗಿದೆ. ಸರಿಯಾದ ಜೋಡಿ," ಎಂದರು, ನಗದೆ. ಆಮೇಲೆ ತಡವಿಕೊಂಡು ಹೋಗಿ ಕುರ್ಚಿಯಲ್ಲಿ ಕೂತರು. "ನಾನು ನೋಡದೇ ಇರೋ ಹಲಗೆ ಇದೆಯಾ?"

"ಇದೆ. ಆದ್ರೆ ಮೂವತ್ತೈದು ಬರದಿದ್ರೆ..."

"ಗೊತ್ತು. ಹಾಕಿ."

ಬೀರುವಿನಿಂದ ಬೇರೆ ಹಲಗೆ ತೆಗೆದು ಹಾಕಿದೆ. ಈ ಸಲ ಅವರು ಒಂದೊಂದು ಅಕ್ಷರಕ್ಕೂ ತಲೆ ಓರೆ ಮಾಡಿ, ಕಣ್ಣು ಕಿರಿದು ಮಾಡಿ ಹೆಣಗಿದರು. ಆರು ಸಾಲು ಸರಿ. ಏಳನೆಯದರಲ್ಲಿ ನಾಲ್ಕು ಸರಿ. ಕೊನೆಯದಕ್ಕೆ, "ಓ," ಎಂದರು. ಅಲ್ಲಿದ್ದದ್ದು ಸಿ. ಕೆಳಗಿನ ಸಾಲಿನಲ್ಲಿ ಒಂದೂ ಸರಿಯಾಗಲಿಲ್ಲ.

ನನ್ನ ಪೆನ್ನು ನಿಂತಿತು. ಒಂದೇ ಒಂದು ಅಕ್ಷರ. ಕೋಣೆಯಲ್ಲಿ ನಾವಿಬ್ಬರೇ. ಒಂದು ಗೀಟು ಹೆಚ್ಚಿಗೆ ಎಳೆದರೆ ಅವರಿಗೆ ಮಾತ್ರೆ ಸಿಗುತ್ತದೆ, ನನಗೆ ತಿಂಗಳಿಗೊಮ್ಮೆ ಅವರು ಸಿಗುತ್ತಾರೆ. ಮೂವತ್ತನಾಲ್ಕು ಎಂದು ಬರೆದೆ. ಹಿಂದಿನ ಮೂರು ತಿಂಗಳ ಲೆಕ್ಕವನ್ನೂ ನಂಬುವ ಹಾಗಿಲ್ಲ ಎಂದು ಕೆಳಗೆ ಡಾಕ್ಟರಿಗೆ ಬರೆದು ಸಹಿ ಹಾಕಿದೆ.

"ಎಷ್ಟು?"

"ಮೂವತ್ತನಾಲ್ಕು."

"ಒಂದು ಸೇರಿಸಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ಹೌದು."

"ಸೇರಿಸ್ಲಿಲ್ವಾ?"

"ಇಲ್ಲ." ಅಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತು.

ಕಳೆದುಕೊಂಡದ್ದು ಎಷ್ಟೆಂದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ನಿಧಾನವಾಗಿ ಅವರ ಮುಖ ಅರಳಿತು. ಮೊದಲ ದಿನದಿಂದ ಇದುವರೆಗೆ ಅಂಥ ನಗು ನಾನು ನೋಡಿರಲಿಲ್ಲ.

"ಹಾಗಾದ್ರೆ ಇಷ್ಟ ಅಂದಿದ್ದು ಕನಿಕರದಿಂದ ಅಲ್ಲ," ಎಂದರು.